ಮಷೀನು ಒಲ್ಲೆ ಅಂದರೆ

ಈಗೀಗ ನಮ್ಮ ಭಾಗದೊಳಗೆ ಒಂದು ಮಾತು ಬಹಳ ಸಸ್ತಾ ಆಗಿದೆ. "ನಾ ಏನ್ ಮಾಡ್ಲಿರಿ, ಮಷೀನ ಒಲ್ಲೆ ಅಂತದ." ಸೋಲಾಪುರದ ಬ್ಯಾಂಕಿನ ಕಿಟಕಿಯಲ್ಲಿ ಇದನ್ನು ಮರಾಠಿಯಲ್ಲಿ ಹೇಳುತ್ತಾರೆ, ಅಕ್ಕಲಕೋಟದ ಪೇಟೆಯಲ್ಲಿ ಮರಾಠಿ ಕನ್ನಡ ಎರಡೂ ಕೂಡಿಸಿ ಹೇಳುತ್ತಾರೆ, ಹಳ್ಳಿಯ ರೇಶನ್ ಅಂಗಡಿಯಲ್ಲಿ ಅಚ್ಚ ಕನ್ನಡದಲ್ಲಿ ಹೇಳುತ್ತಾರೆ. ಹೇಳುವವರ ಮುಖದ ಮೇಲೆ ಸಿಟ್ಟು ಇರೂದಿಲ್ಲ, ಕೆಟ್ಟತನ ಇರೂದಿಲ್ಲ. ಎಷ್ಟೋ ಸಲ ಮರುಕವೇ ಇರ್ತದ. ಆದರೂ ಕೇಳಿದವರು ಬರಿಗೈಲೆ ಹೊಳ್ಳಿ ಬರಬೇಕಾಗ್ತದ.

ಈ ಮಾತಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಮನಸಿನಾಗಿತ್ತು. ಮಷೀನು ನಿಜವಾಗಿ ಒಲ್ಲೆ ಅಂತದೇನು? ಅಂದರೂ, ಅದು ಅಂದ ಮೇಲೆ ಅದರ ಹಿಂದೆ ಕೂತ ಮನುಷ್ಯನ ಕೆಲಸ ಅಲ್ಲಿಗೆ ಮುಗೀತೇನು?

ಮೊದಲು ಸಣ್ಣ ತ್ರಾಸುಗಳನ್ನೇ ಹೇಳಿಬಿಡುತ್ತೇನೆ. ನಮ್ಮ ಊರು ಗಡಿಗೆ ಹತ್ತಿರ. ಪಡಸಾಲಿಯಲ್ಲಿ ಕೂತರೆ ಫೋನು ಮಹಾರಾಷ್ಟ್ರದ ಟಾವರ್ ಹಿಡಿಯುತ್ತದೆ, ಹಿತ್ತಲಕ್ಕೆ ಹೋದರೆ ಕರ್ನಾಟಕದ್ದು. ಇಷ್ಟು ವರ್ಷ ದೊಡ್ಡ ದೊಡ್ಡವರು ಬಗೆಹರಿಸಲಾರದ ಗಡಿ ಪ್ರಶ್ನೆಯನ್ನು ನನ್ನ ಫೋನು ದಿನಕ್ಕೆ ನಾಕು ಸಲ ಬಗೆಹರಿಸಿ, ನಾಕು ಸಲ ಮತ್ತೆ ಕೆಡಿಸಿ ಇಡುತ್ತದೆ. ಮೊದಲು ರೋಮಿಂಗ್ ದುಡ್ಡು ಕಡೀತಿತ್ತು, ಈಗ ಅದಿಲ್ಲ. ಆದರೆ ಬೀಗರ ಕೂಡ ಮಾತಾಡುವಾಗ ನಡುವೆ ಕಟ್ ಆಗೂದು ತಪ್ಪಿಲ್ಲ, ಬೀಗರು ಸಿಟ್ಟಾಗೂದೂ ತಪ್ಪಿಲ್ಲ.

ಇನ್ನು ಓಟಿಪಿ. ಮುದುಕರ ಆಧಾರಿಗೆ ಜೋಡಿಸಿದ ನಂಬರು ಮಗನದು. ಮಗ ಪುಣೆಯ ಕಡೆ ಕಾರಖಾನೆಯಲ್ಲಿ ಪಾಳಿ ಮೇಲೆ ಇರುತ್ತಾನೆ. ಇಲ್ಲಿ ಅವ್ವ ಕಿಟಕಿಯ ಮುಂದೆ ಸೆರಗು ಹಿಡಿದು ನಿಂತಿರುತ್ತಾಳೆ, ಅಲ್ಲಿ ಓಟಿಪಿ ಕಾರಖಾನೆಯ ಕಪಾಟಿನೊಳಗಿನ ಫೋನಿಗೆ ಬಂದು ಬಿದ್ದಿರುತ್ತದೆ. ಕೆಲವೇ ನಿಮಿಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ಸಂಜಿಗೆ ಮಗ ಫೋನ್ ಹಚ್ಚಿ, "ಅವ್ವಾ, ಅದೇನೋ ನಂಬರ್ ಬಂದದ ನೋಡು" ಅನ್ನುವ ಹೊತ್ತಿಗೆ ಕಿಟಕಿ ಮುಚ್ಚಿ ಮೂರು ತಾಸು ಆಗಿರುತ್ತದೆ. ಸಹಾಯವಾಣಿಗೆ ಫೋನ್ ಮಾಡಿದರೆ ಮರಾಠಿಗೆ ಒಂದು ನಂಬರ್ ಒತ್ತು, ಹಿಂದಿಗೆ ಒಂದು, ಇಂಗ್ಲಿಷಿಗೆ ಒಂದು. ನಮ್ಮ ಭಾಷಾಕ್ಕ ನಂಬರಿಲ್ಲ. ಇರಲಿ, ಇವೆಲ್ಲ ನಕ್ಕು ಮರೆಯುವಂಥವು.

ಇಂಥ ತ್ರಾಸು ಬಂದಾಗ ಮನುಷ್ಯರು ಹೇಗೆ ನಡಕೊಳ್ಳುತ್ತಾರೆ ಅನ್ನುವುದು ಮಾತ್ರ ನನಗೆ ಮರೆಯುವ ವಿಷಯ ಅನಿಸುವುದಿಲ್ಲ. ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಖಾಯಂ ಚಹಾ ಕುಡಿಯುವ ಒಂದು ಗಾಡಿ ಇದೆ. ಅಲ್ಲಿ ಈಗ ರೊಕ್ಕ ಯಾರೂ ಕೊಡುವುದಿಲ್ಲ, ಎಲ್ಲರೂ ಫೋನ್ ಹಿಡಿದು ಸ್ಕ್ಯಾನ್ ಮಾಡುವವರೇ. 2016ರಲ್ಲಿ ಯುಪಿಐ ಬಂದಾಗ ಇದು ಶಹರದವರ ಆಟ ಅಂತ ನಾವೆಲ್ಲ ತಿಳಿದಿದ್ದೆವು. ಒಮ್ಮೆ ನನ್ನ ಫೋನಿನಲ್ಲಿ ಚಕ್ರ ತಿರುಗಿ ತಿರುಗಿ ಕಡೆಗೆ ಕೆಂಪು ಗುರುತು ಬಂತು. ಹೊರಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಚಹಾದವನು ನನ್ನ ಫೋನಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದ. "ಹೋಗ್ರಿ ಮಾಸ್ತರ, ಬಸ್ ತಪ್ಪತದ. ಮತ್ತ ಬಂದಾಗ ಕೊಡ್ರಿ" ಅಂದ.

ಇದು ಎಲ್ಲರ ಅನುಭವಕ್ಕೂ ಬಂದ ಮಾತು, ದೊಡ್ಡ ಸಂಗತಿಯಲ್ಲ. ಆದರೆ ಅಲ್ಲಿ ನಡೆದದ್ದು ಏನು ನೋಡ್ರಿ. ಮಷೀನು ಕೈ ಚೆಲ್ಲಿತು. ಅದು ಚೆಲ್ಲಿದ ಭಾರವನ್ನು ಒಬ್ಬ ಮನುಷ್ಯ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ. ಹತ್ತು ರೂಪಾಯಿ ಬರದಿದ್ದರೆ ನುಕಸಾನು ಅವನದು. ಹತ್ತು ರೂಪಾಯಿ ಆದ್ದರಿಂದ ಇಟ್ಟುಕೊಂಡ, ಹತ್ತು ಸಾವಿರ ಆಗಿದ್ದರೆ ಇಟ್ಟುಕೊಳ್ಳುತ್ತಿರಲಿಲ್ಲ ಅಂತ ನೀವು ಅನ್ನಬಹುದು. ಒಪ್ಪಿದೆ. ಆದರೂ ಗುರುತು ಅಂದರೆ ಇದೇ. ನಾನು ಇವರನ್ನು ಬಲ್ಲೆ, ಹೆಚ್ಚು ಕಡಿಮೆ ಆದರೆ ನಾನು ಸೋಸಿಕೊಳ್ಳುತ್ತೇನೆ ಅನ್ನುವುದು.

ಈಗ ಇನ್ನೊಂದು ಕಿಟಕಿಗೆ ಬರೋಣ. ನಮ್ಮ ಸೋದರತ್ತಿಗೆ ಎಪ್ಪತ್ತು ದಾಟ್ಯಾವ. ಒಬ್ಬಾಕಿನೇ ಇರ್ತಾಳ, ಕಾರ್ಡಿನಾಗೂ ಒಂದೇ ಹೆಸರು. 2023ರ ಜನವರಿಯಿಂದ ಅನ್ನಭದ್ರತಾ ಕಾಯ್ದೆಯ ಧಾನ್ಯಕ್ಕೆ ರೊಕ್ಕ ಕೊಡಬೇಕಾಗಿಲ್ಲ, ತಲೆಗೆ ತಿಂಗಳಿಗೆ ಐದು ಕಿಲೋ ಪುಕ್ಕಟೆ. ಆದರೆ ಅದಕ್ಕೆ ಇ-ಪಾಸ್ ಮಷೀನಿನ ಮೇಲೆ ಬೆರಳು ಇಡಬೇಕು. ಅತ್ತಿಯ ಬೆರಳನ್ನು ಅದು ಒಪ್ಪುವುದಿಲ್ಲ. ಬಲಗೈ ಹೆಬ್ಬಟ್ಟು, ಎಡಗೈ ಹೆಬ್ಬಟ್ಟು, ತೋರಬೆರಳು, ಹೀಗೆ ಹತ್ತೂ ಆದವು. ಸೆರಗಿನಿಂದ ಒರೆಸಿ ನೋಡಿದ್ದಾಯಿತು, ತೊಳೆದು ನೋಡಿದ್ದಾಯಿತು. ಸಾಲಿನಲ್ಲಿ ನಿಂತವರು ಒಬ್ಬರು ನಿಂಬೆಹಣ್ಣು ತಿಕ್ಕಿಕೊಂಡು ಬಾ ಅಂದರು, ಒಬ್ಬರು ವ್ಯಾಸಲಿನ್ ಹಚ್ಚು ಅಂದರು. ದೇವರಿಗೆ ಹರಕೆ ಹೊತ್ತಂತೆ ಅತ್ತಿ ಅದನ್ನೆಲ್ಲ ಮಾಡಿದಳು. ಮೂರು ತಿಂಗಳ ಧಾನ್ಯ ಹೋಯಿತು. ಅದಕ್ಕಿಂತ ಆಕೆಗೆ ಹೆಚ್ಚು ನೋವಾದದ್ದು ಬೇರೆ. "ಇಷ್ಟ ಮಂದಿ ಮುಂದ ನಾ ಖೊಟ್ಟಿ ಆದ್ನಲ್ಲೋ ತಮ್ಮಾ" ಅಂದಳು.

ಬೆರಳು ಯಾಕೆ ಹೊಂದುವುದಿಲ್ಲ ಅನ್ನುವುದು ಗೂಢವೇನಲ್ಲ. ನಮ್ಮ ಬೆರಳ ತುದಿಯ ಚರ್ಮದ ಮೇಲೆ ನೇಗಿಲ ಸಾಲಿನಂಥ ಗೆರೆಗಳಿವೆ. ಒಂದು ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಎರಡಾಗಿ ಕವಲೊಡೆಯಿತು, ಆ ಜಾಗಗಳನ್ನು ಮಷೀನು ಗುರುತು ಮಾಡಿಕೊಂಡು, ಮೊದಲು ಇಟ್ಟುಕೊಂಡ ಲೆಕ್ಕದ ಜೊತೆ ತಾಳೆ ನೋಡುತ್ತದೆ. ಗೆರೆ ಸವೆದರೆ ತಾಳೆ ಬೀಳುವುದಿಲ್ಲ. ವಯಸ್ಸಾದಂತೆ ಚರ್ಮ ಒಣಗಿ ಸುಕ್ಕು ಬೀಳುತ್ತದೆ, ಅದು ಒಂದು ಕಾರಣ. ಇನ್ನೊಂದು ಕಾರಣ ದುಡಿಮೆ. ನಮ್ಮ ಮಾಲದಂಡಿ ಜೋಳವನ್ನು ಕುಡಗೋಲಿನಿಂದ ಕೊಯ್ಯುವುದು ಕಡಿಮೆ, ಬೇರು ಸಮೇತ ಕೈಯಿಂದ ಕೀಳುತ್ತಾರೆ. ಸಂಕ್ರಾಂತಿ ಆದ ಮೇಲೆ ಎರಿ ಹೊಲದಲ್ಲಿ ದಿನಪೂರ್ತಿ ಜೋಳ ಕಿತ್ತವರ ಅಂಗೈ ಒಮ್ಮೆ ನೋಡಬೇಕು. ಅದರ ಮೇಲೆ ದಿನಾ ಎರಡು ಹೊತ್ತು ರೊಟ್ಟಿ ಬಡಿಯುವುದು, ಸುಡುವ ಹಂಚಿನ ಮೇಲಿನ ರೊಟ್ಟಿಯನ್ನು ಬೆರಳಿನಿಂದಲೇ ತಿರುವುವುದು, ಹತ್ತಿ ಬಿಡಿಸುವುದು, ಸುಣ್ಣ ಬಳಿಯುವುದು. ಅತ್ತಿ ಈ ಕೆಲಸಗಳನ್ನು ಅರವತ್ತು ವರ್ಷ ಮಾಡಿದ್ದಾಳೆ. ಆ ಕೈಯ ಮೇಲೆ ಗೆರೆ ಉಳೀಬೇಕು ಅಂದರೆ ಹೇಗೆ ಉಳೀತಾವು?

ಇದು ಬರೀ ನಮ್ಮ ಹಳ್ಳಿಯ ಮಾತಲ್ಲ. ಅಕ್ಕಲಕೋಟದಿಂದ ಸೋಲಾಪುರಕ್ಕೆ ಹೋಗುವ ದಾರಿಯಲ್ಲಿ ಕುಂಭಾರಿ ಸಿಗುತ್ತದೆ. ಅಲ್ಲಿ ಗೋದಾವರಿ ಪರುಳೇಕರ ಅವರ ಹೆಸರಿನಲ್ಲಿ ಬೀಡಿ ಕಾರ್ಮಿಕ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಹತ್ತು ಸಾವಿರ ಮನೆಗಳ ವಸಾಹತು ಇದೆ. ಬಾಗಿಲ ಮುಂದೆ ಮೊರ ಇಟ್ಟುಕೊಂಡು ಕೂತು, ನೆನೆಸಿದ ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ದಾರ ಕಟ್ಟಿ, ತುದಿಯನ್ನು ಉಗುರಿನಿಂದ ಒಳಗೆ ಮಡಚುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಸಾವಿರ ಬೀಡಿ ಅಂದರೆ ಸಾವಿರ ಸಲ ಹೆಬ್ಬಟ್ಟು ಮತ್ತು ತೋರಬೆರಳು ಒಂದರ ಮೇಲೊಂದು ಉಜ್ಜಬೇಕು. ಸೋಲಾಪುರದ ಚಾದರು ಟಾವೆಲ್ಲು ದೇಶಕ್ಕೆಲ್ಲ ಹೋಗುತ್ತವೆ. ಮಗ್ಗದ ಮೇಲೆ ಹರಿದ ನೂಲನ್ನು ಬೆರಳಿನಿಂದ ಹೊಸೆದು ಕೂಡಿಸುವವರು ಯಾರು? ಅವರದೂ ಇದೇ ಕಥೆ. ಎಲ್ಲರ ಬೆರಳೂ ಕೈ ಕೊಡುತ್ತವೆ ಅಂತ ನಾನು ಹೇಳುವುದಿಲ್ಲ, ಹೆಚ್ಚಿನವರದು ಹೊಂದುತ್ತದೆ. ಆದರೆ ಹೊಂದದೆ ಹಿಂದೆ ಬಂದವರ ಕೈ ಹಿಡಿದು ನೋಡಿದರೆ, ಅದು ಬಹುತೇಕ ದುಡಿದ ಕೈಯೇ ಆಗಿರುತ್ತದೆ. ಕುರ್ಚಿಯ ಮೇಲೆ ಕೂತು ಪೆನ್ನು ಹಿಡಿದ ನನ್ನಂಥವನ ಬೆರಳನ್ನು ಮಷೀನು ಮೊದಲನೇ ಸಲಕ್ಕೇ ಒಪ್ಪುತ್ತದೆ. ಎಲ್ಲರಿಗೂ ಒಂದೇ ನಿಯಮ ಅಂತಾರ. ನಿಯಮ ಒಂದೇ ಇರಬಹುದು, ಬೆರಳು ಒಂದೇ ಇಲ್ಲವಲ್ಲ.

ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದರಲ್ಲಿ ಇನ್ನೊಂದು ಚುಚ್ಚುವ ಸಂಗತಿ ಇದೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸುರುವಾಯಿತು. ಅದರ ಮುಂದಿನ ವರ್ಷಗಳಲ್ಲಿ ನಾವು ಹರೆಯದ ಮಾಸ್ತರರು ರಾತ್ರಿ ಕಂದೀಲು ಹಿಡಿದು ದೊಡ್ಡವರಿಗೆ ಅಕ್ಷರ ಕಲಿಸಲು ಹೋಗುತ್ತಿದ್ದೆವು. ಹೆಬ್ಬಟ್ಟು ಅಂದರೆ ಆಗ ಬೈಗುಳ. "ಅವ ಅಂಗಠಾ ಛಾಪ ಇದ್ದಾನ" ಅಂತ ನಗುತ್ತಿದ್ದರು. ಹೆಣ್ಣುಮಕ್ಕಳು ಹೊಲದಿಂದ ಬಂದು, ಅಡಿಗಿ ಮುಗಿಸಿ, ಪಾಟಿ ಹಿಡಿದು ಕೂತು ತಮ್ಮ ಹೆಸರು ಬರೆಯಲು ಕಲಿತರು. ಅತ್ತಿಯೂ ಅವರಲ್ಲಿ ಒಬ್ಬಳು. ಸ್ವಂತ ಸಹಿ ಮಾಡಿ ಬ್ಯಾಂಕಿನಿಂದ ಮೊದಲ ಸಲ ರೊಕ್ಕ ತಂದ ದಿವಸ ಆಕಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಸಹಿ ಬೇಕಿಲ್ಲ, ಹೆಬ್ಬಟ್ಟು ಕೊಡು ಅನ್ನುತ್ತಾರೆ. ಕೊಡಲಿಕ್ಕೆ ಹೆಬ್ಬಟ್ಟು ಸವೆದು ಹೋಗಿದೆ. ಬಿ.ಎ., ಬಿ.ಎಡ್. ಆದ ಗುರುಗಳೂ ಎಷ್ಟೋ ಕಡೆ ಹಾಜರಿಗೆ ಹೆಬ್ಬಟ್ಟೇ ಒತ್ತುತ್ತಾರೆ. ಅಂದಮೇಲೆ ಅದರಾಗ ಅಪಮಾನ ಇಲ್ಲ ಅನ್ನಬಹುದು. ಆದರೆ ಸಹಿ ಮನುಷ್ಯ ತಾನಾಗಿ ಮಾಡುವ ಕೆಲಸ, ಬೆರಳಿನ ಗುರುತು ಅವನಿಂದ ತೆಗೆದುಕೊಳ್ಳುವ ವಸ್ತು. ಇಷ್ಟು ಫರಕು ನನ್ನ ತಲೆಯಿಂದ ಹೋಗುವುದಿಲ್ಲ.

ಬೆರಳ ಗುರುತಿನ ಹುಟ್ಟು ನೋಡಿದರೂ ಹಾಗೇ ಅನಿಸುತ್ತದೆ. ಇದು ನಮ್ಮ ದೇಶದಲ್ಲೇ ಬೆಳೆದ ಪದ್ಧತಿ. 1858ರಲ್ಲಿ ಬಂಗಾಲದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಒಬ್ಬ ಗುತ್ತೇದಾರನ ಕರಾರು ಪತ್ರದ ಮೇಲೆ ಅವನ ಅಂಗೈಯ ಮಸಿ ಗುರುತು ಒತ್ತಿಸಿಕೊಂಡ. ಸಹಿ ಮಾಡಿ ನಾಳೆ ಇದು ನನ್ನದಲ್ಲ ಅಂದರೆ ಏನು ಗತಿ ಅಂತ ಅವನ ಚಿಂತೆ. ಮುಂದೆ 1877ರ ಹೊತ್ತಿಗೆ ಹೂಗ್ಲಿಯಲ್ಲಿ ಪಿಂಚಣಿ ಪಡೆಯುವವರ ಬೆರಳ ಗುರುತನ್ನೂ ತೆಗೆದುಕೊಳ್ಳತೊಡಗಿದ. ಸತ್ತವರ ಪಿಂಚಣಿಯನ್ನು ಸಂಬಂಧಿಕರು ತಿನ್ನಬಾರದು ಅಂತ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೇ ಆಯಿತು. ಅದರ ವಿಂಗಡಣೆಯ ಲೆಕ್ಕ ಕೂಡಿಸಿದವರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮವರಿದ್ದರು, ಹೆಸರು ಮಾತ್ರ ಬಹುಕಾಲ ಸಾಹೇಬರದೇ ನಡೆಯಿತು. ಹೀಗೆ ಮೊದಲಿನಿಂದಲೂ ಇದು ನಂಬಿಕೆ ಇಲ್ಲದ ಕಡೆ ಹುಟ್ಟಿದ ಸಾಧನ. ದೇಶದ ಮೊದಲ ಆಧಾರ್ ಸಂಖ್ಯೆಯನ್ನು 2010ರ ಸೆಪ್ಟೆಂಬರ್ 29ರಂದು ನಮ್ಮ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ಟೆಂಭಲಿ ಎಂಬ ಆದಿವಾಸಿ ಹಳ್ಳಿಯಲ್ಲಿ ಕೊಟ್ಟರು. ಕಾಗದ ಪತ್ರ ಇಲ್ಲದ ಬಡವರಿಗೆ ಒಂದು ಗುರುತು ಸಿಗಲಿ ಅಂತ ಅದರ ಉದ್ದೇಶ. ಅದು ಸುಳ್ಳು ಅಂತ ನಾನು ತಿಳಿಯುವುದಿಲ್ಲ.

ಮಷೀನು ಇಲ್ಲದ ಕಾಲ ರಾಮರಾಜ್ಯ ಆಗಿತ್ತು ಅಂತಲೂ ನಾನು ಹೇಳೂದಿಲ್ಲ. ಹಾಗಂದರೆ ನಮ್ಮ ಹಿರಿಯರೇ ನಕ್ಕಾರು. ಸತ್ತವರ ಹೆಸರಿನ ಮೇಲೆ ಸಕ್ಕರಿ ಎತ್ತಿದ್ದು, ಗಾಸಲೇಟ್ ಎಣ್ಣಿ ರಾತ್ರೋ ರಾತ್ರಿ ಮಾಯ ಆದದ್ದು, "ಮಾಲು ಬಂದಿಲ್ಲ" ಎಂಬ ಬೋರ್ಡು ತಿಂಗಳುಗಟ್ಟಲೆ ತೂಗಾಡಿದ್ದು ಎಲ್ಲರಿಗೂ ನೆನಪಿದೆ. ಆಗಿನ ಅಂಗಡಿಯವ ನಿಮ್ಮ ಮುಖ ಬಲ್ಲವನೇ. ಬಲ್ಲವನಾದ್ದರಿಂದಲೇ ಗೌಡರ ಆಳಿಗೆ ಮೊದಲು, ಓಣಿಯ ಕಡೆಯವರಿಗೆ ಕಡೆಗೆ. ಮಷೀನು ಗೌಡ, ಆಳು ಅಂತ ನೋಡುವುದಿಲ್ಲ. ಇಂದು ಎಷ್ಟೋ ಬಡವರು ತಮ್ಮ ಪಾಲನ್ನು ಯಾರ ಕಾಲಿಗೂ ಬೀಳದೆ ಒಯ್ಯುತ್ತಾರೆ.

ಗುರುತು ಅನ್ನುವುದರೊಳಗೂ ವಿಷ ಇರಬಹುದು. ನಮ್ಮ ಸೋಲಾಪುರದ ಸಿದ್ಧರಾಮರನ್ನೇ ತಗೊಳ್ಳಿ. ಹನ್ನೆರಡನೆಯ ಶತಮಾನದಲ್ಲಿ ಅವರು ಜನರನ್ನು ಕೂಡಿಸಿ ಕೆರೆ ತೋಡಿಸಿದರು. ಇಂದಿಗೂ ಗಡ್ಡಾ ಜಾತ್ರೆಗೆ ನಂದಿಧ್ವಜ ಎತ್ತಿದಾಗ ಸುತ್ತಲ ಹಳ್ಳಿಯ ಮಂದಿ ಅಲ್ಲಿ ಸೇರುತ್ತಾರೆ. ಕೆರೆ ತಾನಾಗಿ ಯಾರನ್ನೂ ನೀ ಯಾರು ಅಂತ ಕೇಳುವುದಿಲ್ಲ, ಕೊಡ ಅದ್ದಿದರೆ ತುಂಬುತ್ತದೆ. ಕೇಳುವವರು ದಂಡೆಯ ಮೇಲೆ ನಿಂತ ಮನುಷ್ಯರು. ಮಹಾಡದ ಚವದಾರ ಕೆರೆಯ ಮೇಲೆ ದನ ಕರು ನೀರು ಕುಡಿಯಬಹುದಿತ್ತು, ಅಸ್ಪೃಶ್ಯರೆಂದು ದೂರ ಇಟ್ಟವರು ಕುಡಿಯುವಂತಿರಲಿಲ್ಲ. ಅಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲವರೇ! ಸಾರ್ವಜನಿಕ ಕೆರೆಗಳು ಎಲ್ಲರಿಗೂ ತೆರೆದಿರಬೇಕು ಎಂಬ ಬೋಲೆಯವರ ಠರಾವು ಮುಂಬಯಿ ಕೌನ್ಸಿಲಿನಲ್ಲಿ 1923ರಲ್ಲೇ ಪಾಸಾಗಿತ್ತು, ಮಹಾಡದ ನಗರಸಭೆಯೂ ಒಪ್ಪಿಕೊಂಡಿತ್ತು. ಆದರೆ ಕಾಗದ ಕಾಗದದ ಜಾಗದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ಸಾವಿರಾರು ಮಂದಿಯ ಜೊತೆ ನಡೆದು ಹೋಗಿ ಬೊಗಸೆಯಲ್ಲಿ ನೀರು ಎತ್ತಬೇಕಾಯಿತು. ಆದ್ದರಿಂದ "ಮಷೀನು ಬ್ಯಾಡ, ಮೊದಲಿನಂಗ ಮುಖ ನೋಡಿ ಕೊಡ್ರಿ" ಅನ್ನುವವರ ಜೊತೆ ನಾನು ಪೂರಾ ಹೋಗಲಾರೆ. ಮುಖ ನೋಡಿ ಕೊಡುವವನು ಮುಖ ನೋಡಿ ತಪ್ಪಿಸಲೂ ಬಲ್ಲ.

ಹಾಗಾದರೆ ತಕರಾರು ಏನು? ನನ್ನ ತಕರಾರು ಮಷೀನಿನ ಮೇಲಲ್ಲ, ಅದರ ಬಾಯಿಗೆ ನಾವು ತುರುಕುವ ಮಾತಿನ ಮೇಲೆ. ಮಷೀನು ಒಲ್ಲೆ ಅಂದಿಲ್ಲ. ಅದು ಹೇಳುವುದು ಇಷ್ಟೇ: ಈ ಗುರುತು ನನ್ನ ಹತ್ತಿರ ಇದ್ದ ಗುರುತಿಗೆ ಸಾಕಷ್ಟು ಹೊಂದಲಿಲ್ಲ. ಅಂದರೆ, ನನಗೆ ಗೊತ್ತಾಗಲಿಲ್ಲ. ಕಣ್ಣು ಮಂಜಾದ ಮುದುಕ ಬಾಗಿಲಿಗೆ ಬಂದವರನ್ನು "ಯಾರಪಾ? ಗುರ್ತ ಹತ್ತವಲ್ದು" ಅಂತಾನಲ್ಲ, ಹಾಗೆ. ಅದಕ್ಕೆ ಮನೆಯವರು ಏನು ಮಾಡ್ತಾರ? ಹೊರಗೆ ಬಂದು ನೋಡ್ತಾರ. ಮುದುಕನಿಗೆ ಗುರುತು ಹತ್ತಲಿಲ್ಲ ಅಂತ ಬೀಗರನ್ನು ಹೊರಗಿನಿಂದಲೇ ಕಳಿಸುವುದಿಲ್ಲ. "ಗೊತ್ತಾಗಲಿಲ್ಲ" ಅನ್ನುವುದನ್ನು "ನೀ ಅಲ್ಲ" ಅಂತ ಮಾಡುವವನು ಮನುಷ್ಯ. ಆ ಒಂದು ಹೆಜ್ಜೆ ಮಷೀನು ಇಟ್ಟದ್ದಲ್ಲ.

ಇನ್ನೂ ಸ್ವಲ್ಪ ಒಳಗೆ ಹೋಗಿ ನೋಡೋಣ. ಎಷ್ಟು ಹೊಂದಿದರೆ ಸಾಕು ಅನ್ನುವ ಅಳತೆಯನ್ನೂ ಮನುಷ್ಯರೇ ಗೊತ್ತು ಮಾಡಿ ಇಟ್ಟಿರುತ್ತಾರೆ. ಇಂಥ ಯಂತ್ರಗಳಿಂದ ಎರಡು ನಮೂನಿ ತಪ್ಪು ಆಗುತ್ತದೆ. ಒಂದು, ಬೇರೆಯವರನ್ನು ಇವರೇ ಅಂತ ಒಪ್ಪಿಬಿಡುವುದು. ಇನ್ನೊಂದು, ಇವರನ್ನೇ ಇವರಲ್ಲ ಅಂತ ತಳ್ಳಿಬಿಡುವುದು. ಅಳತೆ ಬಿಗಿ ಮಾಡಿದರೆ ಮೊದಲನೆಯದು ಕಡಿಮೆಯಾಗಿ ಎರಡನೆಯದು ಹೆಚ್ಚುತ್ತದೆ, ಸಡಿಲು ಬಿಟ್ಟರೆ ಅದರ ಉಲ್ಟಾ. ಒಂದೇ ಯಂತ್ರದಿಂದ ಎರಡನ್ನೂ ಪೂರ್ತಿ ತೆಗೆಯುವುದು ಆಗುವುದಿಲ್ಲ. ಅಂದಮೇಲೆ ಯಾವ ತಪ್ಪು ದೊಡ್ಡದು ಅಂತ ಯಾರೋ ಎಲ್ಲೋ ಕೂತು ಆರಿಸಿರಲೇಬೇಕು. ಯಾರೋ ಒಬ್ಬ ಹಕ್ಕಿಲ್ಲದವ ಐದು ಕಿಲೋ ಒಯ್ದರೆ ಸರಕಾರಕ್ಕೆ ಐದು ಕಿಲೋ ನುಕಸಾನು. ಹಕ್ಕಿದ್ದ ಮುದುಕಿಗೆ ತಪ್ಪಿದರೆ ಅದನ್ನು ಕಿಲೋದಲ್ಲಿ ತೂಗಲಿಕ್ಕೆ ಬರುತ್ತದೇನು? ನೂರು ಅಪರಾಧಿಗಳು ತಪ್ಪಿಸಿಕೊಂಡರೂ ಒಬ್ಬ ನಿರಪರಾಧಿಗೆ ಶಿಕ್ಷೆ ಆಗಬಾರದು ಅಂತ ನಾವೇ ಶಾಲೆಯಲ್ಲಿ ಹೇಳಿಕೊಡುತ್ತೇವೆ. ಕೋರ್ಟಿನ ಕಟ್ಟೆಗೆ ಒಂದು ನ್ಯಾಯ, ರೇಶನ್ ಕಟ್ಟೆಗೆ ಒಂದು ನ್ಯಾಯ ಇರಬಾರದು.

ಮತ್ತು ಇದು ಸರಕಾರಕ್ಕೂ ಗೊತ್ತಿದೆ. ಬೆರಳು ಹೊಂದಲಿಲ್ಲ ಅಂತ ಅರ್ಹರಿಗೆ ಧಾನ್ಯ ತಪ್ಪಿಸಬಾರದು ಎಂದು 2017ರಲ್ಲಿ ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಸೂಚನೆ ಕೊಟ್ಟಿದೆ. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದರು, ನ್ಯಾಯಮೂರ್ತಿ ಚಂದ್ರಚೂಡರು ಒಪ್ಪಲಿಲ್ಲ. ಆದರೆ ಎತ್ತಿಹಿಡಿದವರೂ ಗುರುತು ಹೊಂದದ ಕಾರಣಕ್ಕೆ ಹಕ್ಕುದಾರರು ಹೊರಗೆ ಉಳಿಯಬಾರದು ಅಂತಲೇ ಹೇಳಿದ್ದಾರೆ. ಕಾಗದ ನಮ್ಮ ಪರವಾಗಿದೆ. 1923ರ ಠರಾವೂ ಕಾಗದದ ಮೇಲೆ ಚೆನ್ನಾಗಿಯೇ ಇತ್ತು.

ಅಂಗಡಿಯವನ ಮಾತನ್ನೂ ಕೇಳಬೇಕು. ನಾನು ಕೇಳಿದ್ದೇನೆ. "ಮಾಸ್ತರ, ನಿಮ್ಮ ಅತ್ತಿ ನನಗ ಗೊತ್ತಿಲ್ಲೇನು? ಆಕಿ ಕೈಯಾನ ರೊಟ್ಟಿ ತಿಂದಾವ ನಾ. ಆದ್ರ ಬೆರಳಿಲ್ಲದ ಮಾಲ ಕೊಟ್ರ ಆನ್‌ಲೈನ್ ಸ್ಟಾಕ್ ತಪ್ಪತದ. ನಾಳಿ ಸಾಹೇಬ್ರು ಬಂದು ಐದ ಕಿಲೋ ಎಲ್ಲಿ ಹೋತು ಅಂದ್ರ ಯಾರ ಸಾಕ್ಷಿ ಹೇಳ್ತೀರಿ?" ಅಂದ. ಅವನು ಹೇಳಿದ್ದರಲ್ಲಿ ಖರೇ ಇದೆ. ಚಹಾದವನ ಹತ್ತು ರೂಪಾಯಿ ಚಹಾದವನದೇ, ಆದ್ದರಿಂದ ಅವನು ಅದನ್ನು ಬಿಟ್ಟುಕೊಡಲು ಸ್ವತಂತ್ರ. ರೇಶನ್ ಅಂಗಡಿಯವನ ಕೈಯಲ್ಲಿ ಇರುವುದು ಬೇರೆಯವರ ಮಾಲು. ಅವನಿಗೆ ಬಲ್ಲೆ ಅನ್ನುವ ಮನಸ್ಸಿದೆ, ಅಧಿಕಾರ ಇಲ್ಲ. ಅವನ ಮೇಲಿನವರಿಗೆ ಅಧಿಕಾರ ಇದೆ, ಅತ್ತಿ ಯಾರು ಅಂತ ಗೊತ್ತಿಲ್ಲ. ಇನ್ನೂ ಮೇಲಿನವರಿಗೆ ಅತ್ತಿ ಅಂದರೆ ಹನ್ನೆರಡು ಅಂಕಿ.

ಮೊದಲು ಈ ನಡುವಿನ ಜಾಗದಲ್ಲಿ ಒಬ್ಬ ಮನುಷ್ಯ ಇರುತ್ತಿದ್ದ. ಬ್ಯಾಂಕಿನಲ್ಲಿ ಖಾತೆ ತೆಗೆಯಲು ಪರಿಚಯ ಕೊಡುವವರು ಬೇಕಿತ್ತು. ಆಗಲೇ ಖಾತೆ ಇದ್ದವರೊಬ್ಬರು "ಇವರನ್ನು ನಾನು ಬಲ್ಲೆ" ಅಂತ ಸಹಿ ಮಾಡಬೇಕಿತ್ತು. ಜಮೀನು ಖರೀದಿಯ ನೋಂದಣಿ ಕಚೇರಿಯಲ್ಲಿ ಇಂದಿಗೂ ಓಳಖ ಹೇಳುವ ಸಾಕ್ಷಿದಾರರು ಬೇಕು. ನನ್ನ ಕಾಲದಲ್ಲಿ ಎಷ್ಟೋ ಮಂದಿಗೆ ನಾನೇ ಬ್ಯಾಂಕಿನಲ್ಲಿ ಪರಿಚಯ ಕೊಟ್ಟಿದ್ದೇನೆ. ಸಹಿ ಮಾಡುವಾಗ ಒಂದು ಕ್ಷಣ ಕೈ ತಡೆಯುತ್ತಿತ್ತು. ನಾಳೆ ಇವನು ಸಾಲ ಎತ್ತಿ ಓಡಿ ಹೋದರೆ ನನ್ನನ್ನು ಕೇಳುತ್ತಾರಲ್ಲ ಅಂತ. ಆ ಅಂಜಿಕೆ ಬೇಕು. ಬಲ್ಲೆ ಅನ್ನುವ ಮಾತಿಗೆ ಅದರಿಂದಲೇ ತೂಕ ಬರುತ್ತಿತ್ತು. ಮಷೀನು ಬಂದು ನಮ್ಮೆಲ್ಲರನ್ನೂ ಆ ಅಂಜಿಕೆಯಿಂದ ಬಿಡುಗಡೆ ಮಾಡಿತು. ನಮಗೂ ಅದು ಹಗುರ ಅನಿಸಿತು. ಮಷೀನಿನ ಮೇಲೆ ನಮಗಿರುವ ಪ್ರೀತಿಗೆ ಅದರ ವೇಗ ಒಂದೇ ಕಾರಣ ಅಂತ ನನಗೆ ಅನಿಸುವುದಿಲ್ಲ.

ಶಾಲೆಯ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಕನ್ನಡ ಶಾಲೆಗಳ ಗುರುಗಳಿಗೆ ಇದು ದಿನದ ಗೋಳು. ಮಕ್ಕಳ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ನಮೂನಿ, ಆಧಾರಿನಲ್ಲಿ ಒಂದು ನಮೂನಿ. ಯಾಕಂದರೆ ನಮ್ಮ ಹ್ರಸ್ವ ಎ, ಹ್ರಸ್ವ ಒ ದೇವನಾಗರಿಗೆ ಬರುವುದಿಲ್ಲ. ಕೆಂಚವ್ವ ಹೋಗಿ ಕೇಂಚವಾ ಆಗ್ತಾಳ, ಹೊನ್ನಪ್ಪ ಹೋಗಿ ಹೋನಪಾ ಆಗ್ತಾನ. ಅದನ್ನು ಮತ್ತೆ ಇಂಗ್ಲಿಷಿಗೆ ಹಾಕುವಾಗ ಎಷ್ಟು ವಿ, ಎಷ್ಟು ಡಬ್ಲ್ಯೂ ಅನ್ನುವುದು ಬರೆಯುವವನ ಮರ್ಜಿ. ಅಲ್ಲಿಗೆ ತಾಳೆ ತಪ್ಪಿತು. ಆಧಾರ್ ತಾಳೆ ಬೀಳದ ಹುಡುಗ ಶಿಕ್ಷಕರ ಹುದ್ದೆ ಗೊತ್ತು ಮಾಡುವ ಎಣಿಕೆಗೆ ಬರುವುದಿಲ್ಲ. ಹುಡುಗಿ ಎದುರಿಗೆ ಮಣೆಯ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದಾಳೆ, ಮಧ್ಯಾಹ್ನ ಊಟಕ್ಕೆ ತಾಟು ಹಿಡಿದಿದ್ದಾಳೆ. ಪೋರ್ಟಲ್ಲಿನಲ್ಲಿ ಆಕೆ ಇಲ್ಲ. ಹಾಗಂತ ಯಾವ ಗುರುವೂ ಆಕೆಯ ತಾಟಿಗೆ ಖಿಚಡಿ ಹಾಕದೆ ಬಿಟ್ಟದ್ದನ್ನು ನಾನು ನೋಡಿಲ್ಲ. ಹಾಜರಿ ಕರೆಯುವಾಗ ಮೊದಲಿನಂತೆ ಹೆಸರು ಹಿಡಿದೇ ಕರೀತಾರ, ಆಕಿ "ಹಾಜರ್ ಸರ್" ಅಂತಾಳ. ಹುದ್ದೆ ಕಡಿಮೆಯಾಗುವ ಅಂಜಿಕೆ ಇಟ್ಟುಕೊಂಡೇ ಗುರುಗಳು ಇದನ್ನು ಮಾಡುತ್ತಾರೆ. ಈ ಕಾಲದೊಳಗೆ ಇದು ಸಣ್ಣ ಕೆಲಸವಲ್ಲ ಅಂತ ನನ್ನ ತಿಳುವಳಿಕೆ.

ಮನೆಯೊಳಗೂ ಈ ರೂಢಿ ಹೊಕ್ಕಿದೆ, ಅದನ್ನು ಬಹಳ ಹಿಗ್ಗಿಸಿ ಬರೆಯುವುದಿಲ್ಲ. ಮದುವೆಗೆ ಕರೆಯಲಿಲ್ಲ ಯಾಕೆ ಅಂದರೆ "ಗ್ರುಪ್ಪಿಗೆ ಹಾಕಿದ್ವೆಲ್ಲ, ನೋಡಿಲ್ಲೇನು?" ಅಂತಾರ. ಅಪ್ಪ ದವಾಖಾನೆಯಲ್ಲಿದ್ದಾಗ ಯಾಕೆ ಬರಲಿಲ್ಲ ಅಂದರೆ "ನೆಟ್‌ವರ್ಕ್ ಇರಲಿಲ್ಲ" ಅಂತಾರ. ಅಕ್ಷತೆ ಹಿಡಿದು ಬಾಗಿಲಿಗೆ ಬಂದಿದ್ದರೆ ಕರೆದವರಿಗೂ ಗೊತ್ತಾಗುತ್ತಿತ್ತು, ಕರೆಸಿಕೊಂಡವರಿಗೂ ಗೊತ್ತಾಗುತ್ತಿತ್ತು. ಸಾಹೇಬರ ಕಿಟಕಿಯಲ್ಲಿ ಕೇಳಿ ನಮಗೆ ಸಿಟ್ಟು ಬರುವ ಮಾತನ್ನೇ ನಾವು ನಮ್ಮ ಅಣ್ಣ ತಮ್ಮಂದಿರಿಗೆ ಹೇಳುತ್ತಿದ್ದೇವೆ.

ನಮ್ಮ ವಾಚನಾಲಯದಲ್ಲಿ ಈಗ ಒಂದು ನೂರು ಪುಟದ ನೋಟಬುಕ್ಕು ಇಟ್ಟಿದ್ದೇವೆ. ಬೆರಳು ಹೊಂದದೆ ಹಿಂದೆ ಬಂದವರು ಅಂದೇ ಸಂಜೆ ಬಂದು ಬರೆಸಬೇಕು. ಹೆಸರು, ತಾರೀಖು, ಎಷ್ಟು ಬೆರಳು ಇಟ್ಟು ನೋಡಿದರು, ಮಷೀನಿನ ಮೇಲೆ ಏನು ಬಂತು, ಅಂಗಡಿಯವರು ಏನು ಹೇಳಿದರು. ಅದರ ಕೆಳಗೆ ಊರಿನ ಇಬ್ಬರು "ಇವರನ್ನು ನಾವು ಬಲ್ಲೆವು" ಅಂತ ಬರೆದು ಸಹಿ ಮಾಡುತ್ತಾರೆ. ಆ ಇಬ್ಬರಲ್ಲಿ ಒಬ್ಬ ಆಗಲು ರೇಶನ್ ಅಂಗಡಿಯವನೇ ಮೊದಲು ಒಪ್ಪಿದ. ತಿಂಗಳ ಕಡೆಗೆ ಅದರ ಝೆರಾಕ್ಸ್ ಅಕ್ಕಲಕೋಟದ ತಹಸೀಲ ಕಚೇರಿಗೆ ಹೋಗುತ್ತದೆ, ಒಯ್ದವರು ಪೋಚ್ ತಗೊಂಡು ಬರುತ್ತಾರೆ. ಇದಕ್ಕೆ ಕಾಯ್ದೆಯ ಬಲ ಎಷ್ಟು ಅಂತ ಕೇಳುವವರು ಕೇಳಲಿ. ಮೊದಲನೇ ಹಾಳೆಯಲ್ಲಿ ಏಳು ಹೆಸರು ಇವೆ, ಐದು ಹೆಣ್ಣುಮಕ್ಕಳದು. ಅತ್ತಿಯದು ಮೂರನೆಯದು. ಹೆಸರು ಬರೆಸಿದ ಮೇಲೆ ಹೆಬ್ಬಟ್ಟು ಒತ್ತಲು ಮಸಿಯ ಪ್ಯಾಡ್ ಮುಂದಿಟ್ಟರೆ ಆಕಿ ಅದನ್ನು ಬದಿಗೆ ಸರಿಸಿ, "ಪೆನ್ನ ತಾ ಇಲ್ಲಿ" ಅಂದಳು.